ಬಂಬ ತೆಗೆಸಿದ ಮೇಲೆ ಮಳೆಗಾಲದಲ್ಲಿ ಬಟ್ಟೆ ಒಣಗ್ತಾ ಇಲ್ಲ, ಏನು ಮಾಡೋದು?

ಶಹಾಪುರದ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳಗಾವಿ ಶಹಾಪುರದಲ್ಲಿ ಹಳೇ ಹಂಚಿನ ಮನೆ. ಎರಡೂ ಕಡೆ ಪಕ್ಕದ ಮನೆಯ ಗೋಡೆ. ಗಾಳಿ ಬೆಳಕು ಬರುವುದು ಮುಂಬಾಗಿಲು ಮತ್ತು ಹಿತ್ತಲ ಕಡೆಯಿಂದ ಮಾತ್ರ. ಬಚ್ಚಲಮನೆಯಲ್ಲಿ ಅತ್ತೆಯವರ ಕಾಲದ ತಾಮ್ರದ ಬಂಬ ಇತ್ತು. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು. ಅದರ ತಳ ತೂತಾಗಿ ಸೋರತೊಡಗಿತು, ಬೆಸುಗೆ ಹಾಕಿಸಿದರೂ ನಿಲ್ಲಲಿಲ್ಲ. ಅತ್ತೆಯವರಿಗೆ ದಮ್ಮು ಬೇರೆ, ಕಟ್ಟಿಗೆಯ ಹೊಗೆ ಆಗಿಬರುವುದಿಲ್ಲ. ಯುಗಾದಿ ಹೊತ್ತಿಗೆ ಬಂಬ ತೆಗೆಸಿ ಗ್ಯಾಸ್ ಗೀಸರ್ ಹಾಕಿಸಿದೆವು. ಗೀಸರ್ ಬಚ್ಚಲಮನೆಯ ಒಳಗಿಲ್ಲ, ಹಿತ್ತಲ ಗೋಡೆಗೆ ಹೊರಗಿನಿಂದ ಕೂರಿಸಿದ್ದಾರೆ. ಬಿಸಿನೀರಿಗೆ ಏನೂ ಕೊರತೆ ಇಲ್ಲ.

ಆದರೆ ಆರಿದ್ರಾ ಮಳೆ ಹಿಡಿದಾಗಿನಿಂದ ಬಟ್ಟೆಯದೇ ಚಿಂತೆ. ಇಲ್ಲಿನ ಮಳೆ ಗೊತ್ತಲ್ವಾ, ಜಿಟಿಜಿಟಿ ಅಂತ ಕೂತರೆ ಬಿಸಿಲಿನ ಮಾತೇ ಇಲ್ಲ. ಮೊದಲು ಬಂಬದ ಮೇಲೆ, ಮಾಡಿಗೆ ಹೊಂದಿಕೊಂಡು, ಎರಡು ಬಿದಿರಿನ ಗಳ ಕಟ್ಟಿದ್ದೆವು. ಬೆಳಿಗ್ಗೆ ಎಲ್ಲರ ಸ್ನಾನಕ್ಕೆ ಉರಿ ಹಾಕಿದರೆ ಮಧ್ಯಾಹ್ನದವರೆಗೂ ಕೆಂಡ ಇರುತ್ತಿತ್ತು. ಮಗನ ಯೂನಿಫಾರ್ಮ್, ಅತ್ತೆಯವರ ಇಳಕಲ್ ಸೀರೆ, ಯಜಮಾನರ ಜೀನ್ಸ್ ಪ್ಯಾಂಟ್ ಎಲ್ಲಾ ಸಂಜೆಯೊಳಗೆ ಗರಿಗರಿಯಾಗಿ ಒಣಗುತ್ತಿದ್ದವು. ಆ ಗಳಗಳಿಗೆ ಇಷ್ಟು ಬೆಲೆ ಇತ್ತು ಅಂತ ಬಂಬ ತೆಗೆಸುವಾಗ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಈಗ ಪಡಸಾಲೆಯಲ್ಲಿ ಹಗ್ಗ ಕಟ್ಟಿದ್ದೇವೆ. ಮೂರನೇ ದಿನವೂ ಸೀರೆಯ ಅಂಚು ಹಸಿ. ಮುಗ್ಗಲು ವಾಸನೆ. ಮಲಗುವ ಕೋಣೆಯ ಮೂಲೆಯಲ್ಲಿ, ಕಪಾಟಿನ ಹಿಂದೆ, ಗೋಡೆಗೆ ಕಪ್ಪು ಚುಕ್ಕೆ ಬಂದಿದೆ. ಅದನ್ನು ನೋಡಿದಾಗಿನಿಂದ ನನಗೆ ಅತ್ತೆಯವರ ಉಸಿರಿನ ಭಯ. ಹೊಗೆ ಬೇಡ ಅಂತ ಬಂಬ ತೆಗೆಸಿ, ಅದರ ಜಾಗಕ್ಕೆ ಬೂಸ್ಟು ತಂದಿಟ್ಟ ಹಾಗೆ ಆಗಬಾರದು.

ಅಂಗಡಿಯವರು ಡ್ರೈಯರ್ ಕೊಳ್ಳಿ ಅಂತಾರೆ. ಯಜಮಾನರು ರೂಮ್ ಹೀಟರ್ ಸಾಕು ಅಂತಾರೆ. ಪಕ್ಕದ ಮನೆಯ ಕಾಕು ಒಂದು ಮಾತು ಹೇಳಿದರು: ಬಚ್ಚಲಮನೆಯಲ್ಲಿ ಬಿಸಿನೀರು ಬಿಟ್ಟು ಬಾಗಿಲು ಹಾಕಿದರೆ ಒಳಗೆ ಬೆಚ್ಚಗಾಗುತ್ತೆ, ಅಲ್ಲೇ ಬಟ್ಟೆ ಹಾಕು ಅಂತ. ಯಾವುದು ಸರಿ?

ತಿಳಕವಾಡಿ ಮೇಷ್ಟ್ರು:
ತಂಗಿ, ಕಾಕು ಹೇಳಿದ್ದು ಮಾತ್ರ ಬೇಡ. ಬಿಸಿನೀರಿನ ಹಬೆಯೂ ನೀರೇ, ಬಟ್ಟೆ ಇನ್ನಷ್ಟು ಹಸಿಯಾಗುತ್ತದೆ. ಗ್ಯಾಸೂ ದಂಡ.

ನಿಮ್ಮ ಬಂಬ ಎರಡು ಕೆಲಸ ಮಾಡುತ್ತಿತ್ತು. ಒಂದು, ಕಾವು ಕೊಡುವುದು. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ: ಬೆಂಕಿ ಉರಿಯುವಾಗ ಬಚ್ಚಲಮನೆಯ ಗಾಳಿಯನ್ನು ಎಳೆದು ಹೊಗೆ ಕೊಳವೆಯಿಂದ ಹೊರಗೆ ಕಳಿಸುತ್ತಿತ್ತು. ಬಟ್ಟೆಯ ತೇವ ಆ ಗಾಳಿಯ ಜೊತೆಗೇ ಹೋಗುತ್ತಿತ್ತು. ಕೈಯಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಹೆಚ್ಚುಕಮ್ಮಿ ಅದರ ತೂಕದಷ್ಟೇ ನೀರು ಉಳಿಯುತ್ತದೆ. 4 ಕಿಲೋ ಬಟ್ಟೆ ಪಡಸಾಲೆಯಲ್ಲಿ ಹರವಿದರೆ ಸುಮಾರು 4 ಲೀಟರ್ ನೀರು ನಿಮ್ಮ ಮನೆಯ ಗಾಳಿಗೆ ಸೇರಿತು. ಅದು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ತಣ್ಣಗಿರುವ ಗೋಡೆ ಹುಡುಕಿಕೊಂಡು ಹೋಗಿ ಕೂರುತ್ತದೆ. ಕಪಾಟಿನ ಹಿಂದೆ ಗಾಳಿ ಆಡುವುದಿಲ್ಲ, ಅದಕ್ಕೇ ಅಲ್ಲಿ ಚುಕ್ಕೆ.

ಹೀಟರ್ ಒಂದೇ ಇಟ್ಟರೂ ಇದೇ ಕಥೆ. 1 ಲೀಟರ್ ನೀರು ಆವಿಯಾಗಲು ಸುಮಾರು 0.7 ಯೂನಿಟ್ ಕರೆಂಟಿನಷ್ಟು ಕಾವು ಬೇಕು. ಕರೆಂಟ್ ಬಿಲ್ ಏರುತ್ತದೆ, ನೀರು ಬಟ್ಟೆಯಿಂದ ಗೋಡೆಗೆ ಹೋಗುತ್ತದೆ ಅಷ್ಟೇ.

ಒಂದು ಕೇಳಬೇಕು: ಬಂಬದ ಹೊಗೆ ಹೋಗುತ್ತಿದ್ದ ಕಿಂಡಿ ಈಗ ಏನಾಗಿದೆ?

ಶಹಾಪುರದ ಸೊಸೆ:
ಸರ, ಹಿತ್ತಲ ಗೋಡೆಯಲ್ಲಿ ಮೇಲಕ್ಕೆ ಇತ್ತು. ಗೌಂಡಿ ಇಟ್ಟಂಗಿ ಇಟ್ಟು ಮುಚ್ಚಿದ್ದಾರೆ, ಇನ್ನೂ ಗಿಲಾವು ಮಾಡಿಲ್ಲ.

ತಿಳಕವಾಡಿ ಮೇಷ್ಟ್ರು:
ಒಳ್ಳೆಯದೇ ಆಯಿತು. ಆ ಇಟ್ಟಂಗಿ ತೆಗೆಸಿ ಅಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ನಿಮ್ಮ ಬಿದಿರಿನ ಗಳ ಇದ್ದಲ್ಲೇ ಇರಲಿ. ಬಚ್ಚಲಮನೆಯ ಬಾಗಿಲು ಹಾಕಿ, ಕೆಳಗೆ ಎರಡು ಬೆರಳು ಸಂದು ಬಿಡಿ, ಮನೆಯೊಳಗಿನ ಗಾಳಿ ಅಲ್ಲಿಂದ ಬರಲಿ. ಕೆಳಗೊಂದು ಟೇಬಲ್ ಫ್ಯಾನ್ ಬಟ್ಟೆಯ ಕಡೆಗೆ ತಿರುಗಿಸಿಡಿ. ವೈರ್, ಪ್ಲಗ್ ನೀರು ಬೀಳದ ಕಡೆ ಇರಬೇಕು, ಅದರಲ್ಲಿ ರಾಜಿ ಬೇಡ.

ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ. ಗ್ಯಾಸ್ ಗೀಸರ್ ಬಚ್ಚಲಮನೆಯ ಒಳಗೇ ಇರುವವರು ಇದನ್ನು ಹೀಗೇ ಮಾಡಬಾರದು. ಎಕ್ಸಾಸ್ಟ್ ಫ್ಯಾನ್ ಎಳೆತಕ್ಕೆ ಗೀಸರಿನ ಸುಟ್ಟ ಗಾಳಿ ಒಳಗೇ ತಿರುಗಬಹುದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಅದರಿಂದಲೇ ಜೀವ ಕಳೆದುಕೊಂಡಿದ್ದಾರೆ. ನಿಮ್ಮದು ಹೊರಗಿದೆ, ಆದರೂ ಗೀಸರ್ ಪಕ್ಕದಲ್ಲಿ ಕಿಟಕಿ ಇದೆಯಾ ನೋಡಿ. ಸುಟ್ಟ ಗಾಳಿ ಅಲ್ಲಿಂದ ಒಳಗೆ ಬರಬಾರದು.

ಅನಗೋಳ ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ. ನಾನು ಕೈಕೆಲಸದ ಮಾತು ಹೇಳ್ತೀನಿ. ಒಣಗಿಸುವುದಕ್ಕಿಂತ ಮೊದಲು ನೀರು ತೆಗೆಯಬೇಕು. ಸೆಮಿ ಆಟೊಮ್ಯಾಟಿಕ್ ಮಷಿನ್ ಇದ್ದರೆ ಸ್ಪಿನ್ ಎರಡು ಸಲ ಹಾಕು. ಅದು ನಿಮಿಷಕ್ಕೆ 1,300 ಸುತ್ತಿನ ಆಸುಪಾಸು ತಿರುಗುತ್ತೆ, ಕೈಯಲ್ಲಿ ಎಷ್ಟು ಹಿಂಡಿದರೂ ಅಷ್ಟು ಬರಲ್ಲ. ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಮಾತ್ರ ಮಷಿನ್‌ಗೆ ಕೊಡಬೇಡ, ಆ ಸೀರೆಯನ್ನು ಟವೆಲ್ಲಿನಲ್ಲಿ ಸುತ್ತಿ ಒತ್ತು.

ಬಟ್ಟೆ ಬಟ್ಟೆಗೆ ಒಂದು ಗೇಣು ಸಂದು ಬಿಡು. ಜೀನ್ಸ್ ತಿರುವಿ, ಸೊಂಟ ಅಗಲಿಸಿ ನೇತು ಹಾಕು, ಜೇಬು ಹೊರಗೆ ಬರಲಿ. ವಾರದ ಬಟ್ಟೆ ಕೂಡಿಡದೆ ದಿನಾ ಸ್ವಲ್ಪ ಸ್ವಲ್ಪ ಒಗೆ. ಕವದಿ, ಜಮಖಾನೆಯಂಥ ದಪ್ಪನೆಯವನ್ನು ಮೇ ತಿಂಗಳಲ್ಲೇ ಒಗೆದು ಮುಗಿಸಬೇಕು, ಮಳೆಯಲ್ಲಿ ಮುಟ್ಟಲೇಬಾರದು.

ಗೋಡೆಯ ಚುಕ್ಕೆ ಒಣ ಬಟ್ಟೆಯಲ್ಲಿ ಉಜ್ಜಬೇಡ, ಧೂಳಾಗಿ ಹಾರುತ್ತೆ. ಸೋಪಿನ ನೀರಲ್ಲಿ ಅದ್ದಿ ಒರೆಸು. ಆಗ ಅತ್ತೆಯವರನ್ನು ಆ ಕೋಣೆಯಲ್ಲಿ ಕೂರಿಸಬೇಡ. ಕಪಾಟು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆ.

ಬಾಗಲಕೋಟಿ ಬಿಸಿಲು:
ನಮ್ಮ ಊರಲ್ಲಿ ಈ ಕಷ್ಟವೇ ಇಲ್ಲ, ಮಾಳಿಗೆ ಮೇಲೆ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತೆ. ಕೆಲಸಕ್ಕೆ ಬೆಳಗಾವಿಗೆ ಬಂದ ಮೇಲೆ ಗೊತ್ತಾಯಿತು. ಘಟ್ಟದ ಕಣಕುಂಬಿ, ಜಾಂಬೋಟಿ ಕಡೆಯ ಮೋಡ ಬಂದರೆ ಹೊರಗಿನ ಗಾಳಿಯೇ ಹಸಿ. ಹಾಗಿರುವಾಗ ಒಳಗಿನ ಗಾಳಿ ಹೊರಗೆ ಹಾಕಿ, ಹೊರಗಿನದನ್ನು ಒಳಗೆ ತಂದರೆ ಏನು ಲಾಭ?

ತಿಳಕವಾಡಿ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಹೊರಗೆ 22 ಡಿಗ್ರಿ, ತೇವಾಂಶ ಶೇಕಡಾ 90 ಅಂತ ಇಟ್ಟುಕೊಳ್ಳಿ. ಅದೇ ಗಾಳಿ ಮನೆಯೊಳಗೆ ಬಂದು 26 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಶೇಕಡಾ 70ರ ಹತ್ತಿರ ಇಳಿಯುತ್ತದೆ. ನೀರು ಹೀರಿಕೊಳ್ಳಲು ಅಷ್ಟು ಜಾಗ ಸಿಕ್ಕಿತು. ಅಡುಗೆ, ಜನರ ಮೈಬಿಸಿ, ಟಿವಿ, ಫ್ರಿಜ್ ಇವೆಲ್ಲ ಸೇರಿ ಆ ಕಾವು ಕೊಡುತ್ತವೆ. ಮಳೆ ಜೋರಾಗಿ ಒಳಗೆ ಎರಚುವಾಗ ಮಾತ್ರ ಕಿಟಕಿ ಹಾಕಿ.

ಶಹಾಪುರದ ಸೊಸೆ:
ಎಲ್ಲರಿಗೂ ತುಂಬಾ ಧನ್ಯವಾದ. ಕಪಾಟು ಎಳೆದಾಯಿತು, ಗೋಡೆ ಒರೆಸಿದೆ. ಗೀಸರ್ ಪಕ್ಕ ಕಿಟಕಿ ಇಲ್ಲ. ಹೊಗೆ ಕಿಂಡಿ ಗೀಸರಿಗಿಂತ ಎಂಟು ಅಡಿ ದೂರ ಇದೆ, ಅಳತೆ ಮಾಡಿಸಿದೆ. ಗೌಂಡಿ ನಾಳೆ ಬರುತ್ತಾರೆ. ಫ್ಯಾನ್ ನಿಲ್ಲಿಸಿದಾಗ ಮಳೆನೀರು, ಗುಬ್ಬಿ ಒಳಗೆ ಬರದ ಹಾಗೆ ಏನು ಹಾಕಿಸಬೇಕು ಸರ?

ತಿಳಕವಾಡಿ ಮೇಷ್ಟ್ರು:
ಹೊರಗಡೆ ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳ ಕವರ್ ಸಿಗುತ್ತದೆ, ಫ್ಯಾನ್ ಜೊತೆಗೇ ಕೇಳಿ ತನ್ನಿ. ಅದರ ಮೇಲೆ ಒಂದು ಸಣ್ಣ ತಗಡಿನ ಮರೆ ಸಾಕು. ಸಣ್ಣ ಕಣ್ಣಿನ ಜಾಳಿಗೆ ಬೇಡ, ಬಟ್ಟೆಯ ನೂಲು, ಧೂಳು ಅದಕ್ಕೆ ಕೂತು ಗಾಳಿ ಕಟ್ಟುತ್ತದೆ.