ಸಹಾಯ ಬೇಕು: ಕೂಲೆಂಟ್ ಖಾಲಿಯಾಗುತ್ತಿದೆ, ಸೋರಿಕೆ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. ನಮ್ಮದು 2012ರ ಪೆಟ್ರೋಲ್ ಕಾರು, ಅಪ್ಪ ಕೊಂಡಿದ್ದು. ಒಂದು ತಿಂಗಳಿಂದ ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದೆ. ಆದರೆ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ.

ಮೈಸೂರಿನವರೆಗೆ ಹೈವೇಯಲ್ಲಿ ಏನೂ ತೊಂದರೆಯಿಲ್ಲ. ಕಳೆದ ಭಾನುವಾರ ಚಾಮುಂಡಿ ಬೆಟ್ಟ ಹತ್ತುವಾಗ ಟೆಂಪರೇಚರ್ ಮೀಟರ್‌ನ ಮುಳ್ಳು ಕೆಂಪು ಗೆರೆ ಮುಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮ, ಮಗು. ತುಂಬಾ ಹೆದರಿಕೆಯಾಯಿತು. ಪಕ್ಕಕ್ಕೆ ನಿಲ್ಲಿಸಿ, ಒಂದು ಗಂಟೆ ಆರಲು ಬಿಟ್ಟು ಆಮೇಲೆ ರೇಡಿಯೇಟರ್ ಕ್ಯಾಪ್ ತೆಗೆದೆ. ಬಿಸಿ ಇರುವಾಗ ದಯವಿಟ್ಟು ಯಾರೂ ತೆಗೆಯಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಫ್ಯಾನ್ ತಿರುಗುತ್ತಿದೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿಯಲು ಬಿಡುವ ವಾಲ್ವ್) ಹೊಸದು. ಕೂಲೆಂಟ್ ಬೆರೆತಾಗ ಆಗುವಂತೆ ಇಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗಿಲ್ಲ. ಆದರೆ ಬೆಳಿಗ್ಗೆ ಬರುವ ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ಪೂರ್ತಿ ನಿಲ್ಲುವುದಿಲ್ಲ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ರೇಡಿಯೇಟರ್‌ನ ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರು ಬಿಸಿಯಾಗುವ ಮೊದಲೇ ಅಷ್ಟು ಒತ್ತಡ ಬರಬೇಕಾದರೆ ಸಿಲಿಂಡರ್‌ನ ಗ್ಯಾಸ್ ಒಳಗೆ ನುಗ್ಗುತ್ತಿರಬೇಕು, ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬೇಕು ಅಂತ ನನಗನ್ನಿಸುತ್ತದೆ. ಗ್ಯಾರೇಜಿನವರು ರೇಡಿಯೇಟರ್ ಬದಲಿಸಿ ಎನ್ನುತ್ತಾರೆ. ಪರೀಕ್ಷೆ ಮಾಡದೆ ಸುಮ್ನೆ ಬದಲಿಸುವುದು ಸರಿಯಲ್ಲ, ಅಲ್ವಾ?

ಬ್ಲಾಕ್ ಟೆಸ್ಟ್ ಮಾಡುವವರು ಮಂಡ್ಯ, ಶ್ರೀರಂಗಪಟ್ಟಣ ಅಥವಾ ಮೈಸೂರಿನಲ್ಲಿ ಇದ್ದಾರಾ? ಕೂಲೆಂಟ್‌ನಲ್ಲಿ ಸಿಲಿಂಡರ್‌ನ ಗ್ಯಾಸ್ ಸೇರಿದೆಯಾ ಎಂದು ತಿಳಿಯಲು ನೀಲಿ ದ್ರವ ಹಳದಿಗೆ ತಿರುಗುತ್ತದಾ ಎಂದು ನೋಡುತ್ತಾರಲ್ಲ, ಅದು. ಕೂಲಿಂಗ್ ಸಿಸ್ಟಂಗೆ ಗಾಳಿ ಪಂಪ್ ಮಾಡಿ ಪ್ರೆಶರ್ ಟೆಸ್ಟ್ ಮಾಡಿಕೊಟ್ಟರೂ ಸಾಕು. ಹೆಡ್ ಬಿಚ್ಚಬೇಕಾದರೆ ಅದನ್ನು ಸರಿಯಾಗಿ ಸಮ ಮಾಡಿಕೊಡುವ ಲೇತ್ ಅಂಗಡಿ ಗೊತ್ತಿದ್ದವರೂ ತಿಳಿಸಿ. ಅಲ್ಲಿಯವರೆಗೆ ಕಾರು ತೆಗೆಯುವುದಿಲ್ಲ.