ಪೆಟ್ಟು ಬಿದ್ದ ಬೆಕ್ಕು: ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತವನ್ನು ಎಷ್ಟು ನಂಬಬಹುದು?

ಲ್ಯಾಬ್‌ಮೇಜು: ಎತ್ತರದಿಂದ ಬಿದ್ದ, ವಾಹನ ಬಡಿದ ಬೆಕ್ಕಿನ ಸಿಬಿಸಿಯಲ್ಲಿ (ರಕ್ತಕಣಗಳ ಪೂರ್ಣ ಎಣಿಕೆ) ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಪೆಟ್ಟಿನ ತೀವ್ರತೆಗೊಂದು ಅಂದಾಜು ಸಿಗುತ್ತದೆ; ಎರಡೂ ಬಿಳಿರಕ್ತಕಣದ ಬಗೆಗಳು. 12,000ಕ್ಕೆ 1,000 ಇದ್ದರೆ 12. ಹೆಚ್ಚುವರಿ ರಕ್ತ ಬೇಡ, ಬೇರೆ ಪರೀಕ್ಷೆ ಬೇಡ. ಇದನ್ನು ಎಲ್ಲ ಕಡೆ ರೂಢಿಗೆ ತರಬಾರದೇಕೆ?

ತುರ್ತುಕೋಣೆ: ಬಂದ ಗಳಿಗೆಯ ರಕ್ತದಲ್ಲಿ ಅದು ದಾರಿ ತಪ್ಪಿಸುತ್ತದೆ. ಬೆಕ್ಕು ಹೆದರಿದಾಗ ಅಡ್ರಿನಲಿನ್ ಏರಿ, ರಕ್ತನಾಳದ ಗೋಡೆಗೆ ಅಂಟಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಇಳಿಯುತ್ತವೆ. ಬೆಕ್ಕುಗಳಲ್ಲಿ ಹೀಗೆ ಅಂಟಿಕೊಂಡವು ಹರಿಯುತ್ತಿರುವವುಗಳ ಸುಮಾರು 3 ಪಟ್ಟು. ಜೊತೆಗೆ ಲಿಂಫೋಸೈಟೂ ಏರುವುದರಿಂದ ಅನುಪಾತ ತಗ್ಗಿ ಕಾಣಬಹುದು. ಕೆಲವು ಗಂಟೆಗಳಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಪ್ರಭಾವಕ್ಕೆ ಲಿಂಫೋಸೈಟ್ ಇಳಿದು ಅದೇ ಅನುಪಾತ ಜಿಗಿಯುತ್ತದೆ. ಪೆಟ್ಟು ಮಾತ್ರ ಅಷ್ಟೇ ಇರುತ್ತದೆ.

ಲ್ಯಾಬ್‌ಮೇಜು: ಒಪ್ಪಿದೆ. ಆದರೆ 24 ಗಂಟೆಗೆ, 48 ಗಂಟೆಗೆ ಅದೇ ಯಂತ್ರದಲ್ಲಿ ಮತ್ತೆ ನೋಡಿದರೆ? ಇಳಿಯದೆ ಏರುತ್ತಲೇ ಹೋದರೆ ಸೋಂಕು, ಸತ್ತ ಅಂಗಾಂಶ ಹುಡುಕಲು ಕಾರಣ ಸಿಕ್ಕಂತೆಯೇ.

ಸ್ಲೈಡ್‌ನೋಟ: ಸಿಕ್ಕಂತೆಯೇ, ಆದರೆ ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಹರಡಿದ ರಕ್ತ) ನೋಡಿದ ಮೇಲೆ. ಎಳೆಯ ಬ್ಯಾಂಡ್ ನ್ಯೂಟ್ರೋಫಿಲ್‌ಗಳನ್ನು ಯಂತ್ರ ಸರಿಯಾಗಿ ಬೇರ್ಪಡಿಸುವುದಿಲ್ಲ. ಬ್ಯಾಂಡ್‌ಗಳು ಬಲಿತವುಗಳನ್ನು ಮೀರಿಸಿದ್ದು, ಒಟ್ಟು ಸಂಖ್ಯೆಯೂ ಕಡಿಮೆ ಇದ್ದರೆ ಅಸ್ಥಿಮಜ್ಜೆಗೆ ಪೂರೈಸಲಾಗುತ್ತಿಲ್ಲ ಎಂದರ್ಥ. ಯಾವ ಅನುಪಾತಕ್ಕಿಂತಲೂ ನನಗೆ ಭಯ ಹುಟ್ಟಿಸುವುದು ಅದು. ನ್ಯೂಟ್ರೋಫಿಲ್‌ನ ಸೈಟೋಪ್ಲಾಸಂ (ಕೇಂದ್ರಕದ ಸುತ್ತಲಿನ ಭಾಗ) ನೀಲಿಯಾಗಿ ನೊರೆನೊರೆಯಾಗಿದೆಯೇ ನೋಡಿ, ಅದು ತೀವ್ರ ಉರಿಯೂತದ ಗುರುತು. ಬರೀ ಡೋಲೆ ಬಾಡಿ (ಅದರೊಳಗಿನ ಸಣ್ಣ ನೀಲಿ ಚುಕ್ಕೆ) ಕಂಡರೆ ಗಾಬರಿ ಬೇಡ, ಬೆಕ್ಕಿನಲ್ಲಿ ಅದು ಸಾಮಾನ್ಯ.

ಕೇಂದ್ರಕವಿರುವ ಕೆಂಪುಕಣಗಳನ್ನು ಕೆಲವು ಯಂತ್ರಗಳು ಬಿಳಿಕಣಗಳ ಲೆಕ್ಕಕ್ಕೆ ಸೇರಿಸುತ್ತವೆ. ಯಂತ್ರ 10,000 ಎಂದಿದ್ದು, 100 ಬಿಳಿಕಣಕ್ಕೆ ಅಂಥವು 25 ಇದ್ದರೆ, 10,000 × 100 ÷ 125, ಅಂದರೆ ನಿಜವಾದದ್ದು 8,000.

ನರ್ಸ್‌ಬೆಂಚ್: ಪ್ಲೇಟ್‌ಲೆಟ್?

ಸ್ಲೈಡ್‌ನೋಟ: ಯಂತ್ರ ‘ಕಡಿಮೆ’ ಎಂದರೆ ಮೊದಲು ಸ್ಮಿಯರ್‌ನ ಗರಿಯಂಚು (ರಕ್ತ ತೆಳುವಾಗಿ ಮುಗಿಯುವ ತುದಿ) ನೋಡಿ. ಬೆಕ್ಕಿನ ಪ್ಲೇಟ್‌ಲೆಟ್ ಬಹಳ ಬೇಗ ಗುಂಪುಗಟ್ಟುತ್ತದೆ. ಗುಂಪಿಲ್ಲದಿದ್ದರೆ 100x ಆಯಿಲ್ ಲೆನ್ಸಿನಲ್ಲಿ 10 ಕ್ಷೇತ್ರ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ; ಒಂದು ಮೈಕ್ರೋಲೀಟರ್ ರಕ್ತದ ಅಂದಾಜು ಸಂಖ್ಯೆ ಸಿಗುತ್ತದೆ. ಸೂಜಿ ಚುಚ್ಚಿ ತಡಕಾಡಿ ತೆಗೆದ ಸ್ಯಾಂಪಲ್ ಇದಕ್ಕೆ ಕೆಲಸಕ್ಕೆ ಬಾರದು.

ತುರ್ತುಕೋಣೆ: ಕೆಂಪುಕಣದ ಬಗ್ಗೆಯೂ ಎಚ್ಚರ. ರಕ್ತ ಹೋಗುವಾಗ ಪ್ಲಾಸ್ಮಾ, ಕಣ ಎರಡೂ ಒಟ್ಟಿಗೇ ಹೋಗುವುದರಿಂದ ಮೊದಲು ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಸರಿಯಾಗಿಯೇ ಕಾಣುತ್ತದೆ. ದ್ರವ ಕೊಟ್ಟ ಮೇಲೆ ಕುಸಿಯುತ್ತದೆ. ಟೋಟಲ್ ಸಾಲಿಡ್ಸ್ (ಪ್ಲಾಸ್ಮಾದಲ್ಲಿ ಕರಗಿರುವ, ಮುಖ್ಯವಾಗಿ ಪ್ರೋಟೀನಿನ ಅಳತೆ) ಜೊತೆಗಿಟ್ಟು ಓದಿ.

ಆದ್ದರಿಂದ ಬಂದ ತಕ್ಷಣದ ತೀವ್ರತೆಗೆ ನನ್ನ ಆಯ್ಕೆ ಅನಿಮಲ್ ಟ್ರಾಮಾ ಟ್ರಯಾಜ್ ಸ್ಕೋರ್, ಅಂದರೆ ಪೆಟ್ಟು ಬಿದ್ದ ಪ್ರಾಣಿಯನ್ನು ಪರೀಕ್ಷಿಸಿ ಕೊಡುವ ತೀವ್ರತೆಯ ಅಂಕ. ರಕ್ತಸಂಚಾರ, ಹೃದಯ, ಉಸಿರಾಟ, ಕಣ್ಣು-ಸ್ನಾಯು-ಚರ್ಮ, ಮೂಳೆ, ನರ: ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 18. ಕೈ, ಕಣ್ಣು, ಸ್ಟೆತಸ್ಕೋಪಿನಲ್ಲೇ ಬಹುಪಾಲು ಮುಗಿಯುತ್ತದೆ. ಬಾಯಿ ತೆರೆದು ಉಸಿರಾಡುವ ಬೆಕ್ಕನ್ನು ಸಿಬಿಸಿಗೆಂದು ಒತ್ತಿ ಹಿಡಿಯಲೇಬೇಡಿ, ಆ ಒದ್ದಾಟದಲ್ಲೇ ಜೀವ ಹೋಗಬಹುದು. ಮೊದಲು ಆಮ್ಲಜನಕ.

ಲ್ಯಾಬ್‌ಮೇಜು: ಹಾಗಾದರೆ ಮೊದಲು ಸ್ಕೋರ್, ಬೆಕ್ಕು ಸ್ಥಿರವಾದ ಮೇಲೆ ರಕ್ತ. ಅನುಪಾತವನ್ನು ನಾನು ಬಿಡುವುದಿಲ್ಲ, ಎರಡನೇ ದಿನದಿಂದ ಅದಕ್ಕೆ ಬೆಲೆ ಇದೆ. ಸ್ಟಿರಾಯ್ಡ್ ಕೊಟ್ಟಿದ್ದರೆ ಹೊತ್ತನ್ನು ಸ್ಯಾಂಪಲ್ ಚೀಟಿಯ ಮೇಲೆ ಬರೆಯಿರಿ. ಅದೂ ಲಿಂಫೋಸೈಟ್ ಇಳಿಸಿ ಅನುಪಾತ ಏರಿಸುತ್ತದೆ.