ರಾತ್ರಿ ಹೊಲಕ್ಕೆ ಹೋಗುವವರಿಗೆ ಥರ್ಮಲ್ ದುರ್ಬೀನು: ಬಳಸಿದವರು ಹೇಳಿ

ಜಮಖಂಡಿ ಕಡೆಯಿಂದ (ಕೇಳಿದವರು):
ನಮಸ್ಕಾರ ರೀ. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದರೆ ನಾನೋ ತಮ್ಮನೋ ಹೋಗಿ ಕಬ್ಬಿಗೆ ನೀರು ಹಾಯಿಸಬೇಕು. ಹಂದಿ ಕಾಟ ಮೊದಲಿನಿಂದಲೂ ಇದೆ. ಈಗ ಚಿರತೆ ಹೆಜ್ಜೆ ಕಂಡೆವು ಅಂತ ಪಕ್ಕದ ಹೊಲದವರು ಹೇಳುತ್ತಿದ್ದಾರೆ. ಕತ್ತಲಲ್ಲಿ ಪ್ರಾಣಿಯ ಮೈಬಿಸಿ ಹಿಡಿದು ತೋರಿಸುವ ಥರ್ಮಲ್ ಮಾನೋಕ್ಯುಲರ್ ತಗೊಳ್ಳೋಣ ಅಂತ ಇದ್ದೇನೆ. ಒಂದರ ಡಬ್ಬಿಯ ಮೇಲೆ 500 ಮೀಟರ್, ಇನ್ನೊಂದರ ಮೇಲೆ 900 ಮೀಟರ್ ಅಂತ ಇದೆ. ಎರಡನೆಯದಕ್ಕೆ ಹೆಚ್ಚುಕಮ್ಮಿ ದುಪ್ಪಟ್ಟು ದುಡ್ಡು. ಯಾವುದು ತಗೊಳ್ಳಲಿ?

ಅಥಣಿ ಕಡೆಯಿಂದ:
ಮೊದಲು ಆ ಡಬ್ಬಿಯ ಮೀಟರ್ ಮರೆತುಬಿಡಿ ಅಣ್ಣಾ. ಬಯಲಲ್ಲಿ ನಿಂತ ಆಳೆತ್ತರದ ಮನುಷ್ಯ 'ಅಲ್ಲಿ ಏನೋ ಇದೆ' ಅನ್ನುವಷ್ಟು ಕಂಡರೆ ಸಾಕು, ಅದನ್ನೇ ದೂರ ಅಂತ ಬರೆಯುತ್ತಾರೆ. ಅದು ಹಂದಿಯೋ ನಾಯಿಯೋ ಅಂತ ಗೊತ್ತಾಗಬೇಕಾದರೆ ಅದರ ಕಾಲುಭಾಗ ದೂರಕ್ಕೆ, ಕೆಲವೊಮ್ಮೆ ಇನ್ನೂ ಹತ್ತಿರಕ್ಕೆ ಬರಬೇಕು.

ನೀವು ಕೇಳಬೇಕಾದದ್ದು ಸೆನ್ಸರ್ ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕಿ), ಲೆನ್ಸ್ ಎಷ್ಟು ಎಂಎಂ ಅಂತ. ಕೆಲವು ಕಂಪನಿಗಳು ಮಾಡೆಲ್ ಹೆಸರಿನಲ್ಲೇ ಹೇಳಿಬಿಡುತ್ತವೆ. ಎಜಿಎಂನವರ ಟೈಪಾನ್ ಟಿಎಂ15-384 ಅಂದರೆ 15 ಎಂಎಂ ಲೆನ್ಸ್, 384 ಪಿಕ್ಸೆಲ್ ಅಗಲದ ಸೆನ್ಸರ್. ಈಗ ಬರುವ ಸೆನ್ಸರ್‌ಗಳಲ್ಲಿ ಒಂದು ಪಿಕ್ಸೆಲ್ ಬಹುತೇಕ 12 ಮೈಕ್ರಾನ್ (ಎಂಎಂನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್) ಇರುತ್ತದೆ. ಆ 12 ಹಿಡಿದು ಲೆಕ್ಕ ಹಾಕಿ. 300 ಮೀಟರ್ ದೂರದಲ್ಲಿ 10 ಎಂಎಂ ಲೆನ್ಸಿನ ಒಂದು ಪಿಕ್ಸೆಲ್ 36 ಸೆಂಟಿಮೀಟರ್ ಜಾಗ ನುಂಗುತ್ತದೆ. ಒಂದು ಮೀಟರ್ ಉದ್ದದ ಹಂದಿಗೆ ಮೂರೇ ಚುಕ್ಕಿ. 19 ಎಂಎಂ ಆದರೆ ಐದು ಚುಕ್ಕಿ, 35 ಆದರೆ ಹತ್ತು.

ಹಾಗಾದರೆ 35 ಒಳ್ಳೇದಲ್ವಾ ಅಂತೀರಿ. ಅಲ್ಲ. 384 ಸೆನ್ಸರಿಗೆ 35ರ ಲೆನ್ಸ್ ಇದ್ದರೆ 100 ಮೀಟರಿನಲ್ಲಿ ಕಾಣುವ ಅಗಲ ಬರೀ 13 ಮೀಟರ್. ಬದುವಿನ ಮೇಲೆ ನಿಂತು ಸುತ್ತ ನೋಡುವವನಿಗೆ ಅದು ತೀರಾ ಕಿರಿದು, ಪ್ರಾಣಿ ಪಕ್ಕದಲ್ಲೇ ಇದ್ದರೂ ತಪ್ಪಿಹೋಗುತ್ತದೆ. ಅದೇ 15 ಎಂಎಂ ಆದರೆ 30 ಮೀಟರ್ ಅಗಲ ಸಿಗುತ್ತದೆ. ನನ್ನ ಮಟ್ಟಿಗೆ ಕಬ್ಬು, ಗೋವಿನಜೋಳದವರಿಗೆ 384ರ ಜೊತೆ 15 ಅಥವಾ 19 ಸಾಕು. ದುಡ್ಡು ಕಮ್ಮಿ ಇದ್ದರೆ 256ರ ಜೊತೆ 10. ಅದರಲ್ಲೂ 30 ಮೀಟರ್ ಅಗಲವೇ ಕಾಣುತ್ತದೆ, ಚಿತ್ರ ಮಾತ್ರ ಒರಟು.

ಇನ್ನೊಂದು ಮಾತು. ಬೆಳೆದು ನಿಂತ ಕಬ್ಬಿನೊಳಗೆ ಇದಕ್ಕೆ ಏನೂ ಕಾಣುವುದಿಲ್ಲ. ಇದೇನು ಎಕ್ಸ್‌ರೇ ಅಲ್ಲ, ಎಲೆ ಅಡ್ಡ ಬಂತು ಅಂದರೆ ಬಿಸಿಯೂ ಅಲ್ಲೇ ನಿಂತಿತು. ಕೂಳೆ ಕಬ್ಬು ಮೊಣಕಾಲೆತ್ತರ ಇರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಬದು, ಬಂಡಿದಾರಿ, ಕಾಲುವೆ ದಂಡೆ, ಇಷ್ಟೇ. ಹೋಗುವ ದಾರಿಯನ್ನು ಮೊದಲೇ ನೋಡಿಕೊಂಡು ಹೋಗುವುದಕ್ಕೆ ಇಷ್ಟು ಸಾಕು.

ಖಾನಾಪುರ ಕಡೆಯಿಂದ:
ಅಥಣಿಯವರು ಹೇಳಿದ್ದು ಬಯಲುಸೀಮೆಗೆ ಸರಿ. ನಮ್ಮದು ಭೀಮಗಡ ಕಾಡಿನ ಅಂಚು. ಇಲ್ಲಿ ಮಳೆಗಾಲದಲ್ಲಿ ಜಡಿಮಳೆ, ಮಂಜು. ಎರಡೂ ಬಿಸಿಯ ಕಿರಣವನ್ನು ತಿಂದುಹಾಕುತ್ತವೆ. ಎಲ್ಲಾ ಒದ್ದೆಯಾಗಿ ಒಂದೇ ತಂಪಿಗೆ ಬಂದಾಗ ಪರದೆ ಪೂರ್ತಿ ಬೂದಿ ಬಣ್ಣ. ಅಂಥ ಹೊತ್ತಿನಲ್ಲಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ಸೆನ್ಸರ್ ಬೇಕು. ಅದನ್ನು ಎಂಕೆ (ಮಿಲಿಕೆಲ್ವಿನ್) ಅಂಕಿಯಲ್ಲಿ ಹೇಳುತ್ತಾರೆ, ಕಮ್ಮಿ ಇದ್ದಷ್ಟು ಒಳ್ಳೇದು. 25ಕ್ಕಿಂತ ಕೆಳಗಿದ್ದರೆ ಚೆನ್ನ. 50ರ ಹತ್ತಿರದ್ದಕ್ಕೆ ಮಳೆಗಾಲದಲ್ಲಿ ರಜೆ ಕೊಡಬೇಕಷ್ಟೇ.

ಗಾಡಿಯ ಗಾಜು ಇಳಿಸದೆ ನೋಡಿ 'ಕೆಟ್ಟಿದೆ' ಅನ್ನುವವರು ಬಹಳ. ಗಾಜು ಈ ಕಿರಣವನ್ನು ಬಿಡುವುದೇ ಇಲ್ಲ, ಅದಕ್ಕೇ ಇದರ ಲೆನ್ಸನ್ನು ಜರ್ಮೇನಿಯಂನಲ್ಲಿ ಮಾಡುತ್ತಾರೆ. ದುಬಾರಿಯಾಗಲು ಅದೂ ಒಂದು ಕಾರಣ. ಗೀಚಿದರೆ ಹೋಯಿತು, ಅಂಗಿ ತುದಿಯಿಂದ ಒರೆಸಬೇಡಿ.

ಚಿರತೆ ವಿಷಯ. 2022ರ ಆಗಸ್ಟಿನಲ್ಲಿ ಬೆಳಗಾವಿ ಗಾಲ್ಫ್ ಮೈದಾನದ ಹತ್ತಿರ ಚಿರತೆ ಕಾಣಿಸಿಕೊಂಡು ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟದ್ದು ನೆನಪಿದೆಯಲ್ವಾ? ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದರು. ಗಿಡಗಂಟಿ ಇರುವ ಕಡೆ ಹುಡುಕಾಟ ಅಷ್ಟು ಕಷ್ಟ. ಕೈಯಲ್ಲಿ ಯಂತ್ರ ಇದೆ ಅಂತ ಒಬ್ಬರೇ ಹೋಗಬೇಡಿ. ಚಿರತೆ ಅನ್ನಿಸಿದರೆ ಅಲ್ಲೇ ಹಿಂದೆ ಸರಿದು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಬೀಳಗಿ ಕಡೆಯಿಂದ:
ನಮ್ಮದು ಕುರಿ, ಮಡ್ಡಿ ಭೂಮಿ. ನಮ್ಮ ತಾಪತ್ರಯ ಬೇರೆ. ಬೇಸಿಗೆಯಲ್ಲಿ ಕಲ್ಲು ಕಾದಿರುತ್ತದೆ. ರಾತ್ರಿ ಒಂಬತ್ತು ಹತ್ತರ ತನಕ ಪರದೆಯ ತುಂಬಾ ಬಿಳಿ ಬಿಳಿ ಕಲ್ಲುಗಳೇ. ಯಾವುದು ಕಲ್ಲು, ಯಾವುದು ತೋಳ? ಅಲುಗಾಡಿದರೆ ಮಾತ್ರ ತಿಳಿಯುತ್ತದೆ. ನಸುಕಿನ ಮೂರು ನಾಲ್ಕರ ಹೊತ್ತಿಗೆ ಕಲ್ಲು ಆರಿರುತ್ತದೆ, ಆಗ ನೋಡಬೇಕು ಇದರ ಕಮಾಲು. ಚಳಿಗಾಲದಲ್ಲಂತೂ ದೂರದ ಮೊಲವೂ ಎದ್ದು ಕಾಣುತ್ತದೆ.

ಕುರಿ ಹೇಗೆ ಕಾಣುತ್ತದೆ ಗೊತ್ತಾ? ಉಣ್ಣೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹಾಗಾಗಿ ಮೈ ಮಸುಕು, ಮುಖ ಮತ್ತು ಕಾಲು ಮಾತ್ರ ಬೆಳ್ಳಗೆ. ಉಣ್ಣೆ ಕತ್ತರಿಸಿದ ಮೇಲೆ ಅದೇ ಕುರಿ ಪೂರ್ತಿ ಬೆಳ್ಳಗೆ. ಹಂದಿ ಕೆಸರಲ್ಲಿ ಹೊರಳಿ ಬಂದಿದ್ದರೆ ಬೆನ್ನ ಮೇಲೆ ಕಪ್ಪು ತೇಪೆ ಹಾಕಿದ ಹಾಗೆ ಕಾಣುತ್ತದೆ. ಇವೆಲ್ಲ ನೋಡ್ತಾ ನೋಡ್ತಾ ಕಣ್ಣಿಗೆ ಹತ್ತಬೇಕು. ಮೊದಲ ವಾರ ನಿಮ್ಮ ದನ, ನಾಯಿಗಳನ್ನೇ ಬೇರೆ ಬೇರೆ ದೂರದಿಂದ ನೋಡಿ ಅಭ್ಯಾಸ ಮಾಡಿ.

ನಮ್ಮಲ್ಲಿ ಮುಧೋಳ ನಾಯಿ ಇವೆ. ಏನೋ ಬಂದಿದೆ ಅಂತ ಮೊದಲು ಹೇಳುವುದು ಅವೇ. ಎಲ್ಲಿ ಅಂತ ಆಮೇಲೆ ಇದರಲ್ಲಿ ನೋಡುತ್ತೇವೆ. ನಾಯಿ ಇಲ್ಲದೆ ರಾತ್ರಿಯಿಡೀ ಇದನ್ನೇ ಕಣ್ಣಿಗೆ ಹಿಡಿದು ಕೂರುವುದು ಆಗದ ಮಾತು.

ಗೋಕಾಕ ಕಡೆಯಿಂದ:
ಇದನ್ನೇ ಬಂದೂಕಿನ ಮೇಲೆ ಕೂರಿಸಬಹುದಾ ರೀ? ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ. ವಿಡಿಯೋದಲ್ಲಿ ಹೊಡೆಯುತ್ತಾರಲ್ಲ.

ಬೀಳಗಿ ಕಡೆಯಿಂದ:
ಬೇಡವೇ ಬೇಡ. ಆ ವಿಡಿಯೋಗಳು ಬಹಳಷ್ಟು ಅಮೆರಿಕದ ಟೆಕ್ಸಾಸ್ ಕಡೆಯವು. ಅಲ್ಲಿ ಹಂದಿ ಹೊರಗಿನಿಂದ ಬಂದು ಬೆಳೆದ ಪ್ರಾಣಿ, ಜಮೀನಿನ ಮಾಲೀಕ ಒಪ್ಪಿದರೆ ಹೊಡೆಯಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಲೈಸೆನ್ಸ್ ಇರುವುದು ಬಂದೂಕು ಇಟ್ಟುಕೊಳ್ಳಲು, ಬೇಟೆಗೆ ಅಲ್ಲ. ಬೆಳೆ ಹಾಳುಮಾಡುವ ಪ್ರಾಣಿ ಅಂತಾದರೂ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ನಮ್ಮ ಯಡಹಳ್ಳಿಯ ಚಿಂಕಾರ, ತೋಳ, ಚಿರತೆ ಎಲ್ಲಾ ಒಂದನೇ ಪಟ್ಟಿಯವು. ಹೊಡೆದರೆ ಕಮ್ಮಿ ಅಂದರೂ ಮೂರು ವರ್ಷ ಜೈಲು. ಮೇಲಾಗಿ ಐದು ಚುಕ್ಕಿ ನೋಡಿ ಗುಂಡು ಹೊಡೆದರೆ ಎದುರಿಗೆ ನಿಂತಿರುವುದು ನೀರು ಹಾಯಿಸುವ ಮನುಷ್ಯನೇ ಆಗಿರಬಹುದು. ಹಂದಿಗೆ ಬೇಲಿ ತಂತಿಯಲ್ಲಿ ಸಣ್ಣ ಶಾಕ್ ಕೊಡುವ ಝಟಕಾ ಮಷಿನ್ ಹಾಕಿ. ಬೆಳೆ ಹೋದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಇಂಡಿ ಕಡೆಯಿಂದ:
ದ್ರಾಕ್ಷಿ ಪಡಕ್ಕೆ ನರಿ ಬರುತ್ತವೆ ಅಂತ ನಾನು ತಗೊಂಡದ್ದು ಥರ್ಮಲ್ ಅಲ್ಲ, ಡಿಜಿಟಲ್ ನೈಟ್ ವಿಷನ್. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ನೋಡುವುದು. ಬೆಲೆ ಬಹಳ ಕಮ್ಮಿ. ಮುಖ, ಕೋಡು, ಬಾಲ ಎಲ್ಲಾ ಸ್ಪಷ್ಟ. ಆದರೆ ಎಲ್ಲಿದೆ ಅಂತ ಗೊತ್ತಿದ್ದರೆ ಮಾತ್ರ. ಹುಡುಕುವುದಕ್ಕೆ ಥರ್ಮಲ್, ಗುರುತಿಸುವುದಕ್ಕೆ ಇದು. ಹತ್ತಿರದಲ್ಲಿ ಹುಲ್ಲು ಇದ್ದರೆ ಬೆಳಕು ಹುಲ್ಲಿಗೇ ಬಡಿದು ಕಣ್ಣು ಕುಕ್ಕುತ್ತದೆ, ಅದೊಂದು ಕಿರಿಕಿರಿ.

ಹಾವಿನ ಮಾತು ಯಾರೂ ಎತ್ತಲಿಲ್ಲವಲ್ಲ! ರಾತ್ರಿ ನೀರು ಹಾಯಿಸುವವನಿಗೆ ಚಿರತೆಗಿಂತ ಕೊಳಕುಮಂಡಲದ ಭಯ ಜಾಸ್ತಿ ಇರಬೇಕು. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ನೆಲ ಎಷ್ಟು ಬಿಸಿಯೋ ಅದೂ ಹೆಚ್ಚುಕಮ್ಮಿ ಅಷ್ಟೇ. ಥರ್ಮಲ್‌ನಲ್ಲಿ ಕಾಲ ಕೆಳಗೆ ಇದ್ದರೂ ಕಾಣದಿರಬಹುದು. ಕೃಷ್ಣಾ ನದಿ ದಂಡೆಯಲ್ಲಿ ಮೊಸಳೆಯ ಕಥೆಯೂ ಇದೇ. ಮೊಣಕಾಲುದ್ದದ ಗಂಬೂಟು, ಒಳ್ಳೆಯ ಟಾರ್ಚ್, ಕೈಯಲ್ಲೊಂದು ಕೋಲು. ಇವು ಮೊದಲು, ಮಿಕ್ಕಿದ್ದು ಆಮೇಲೆ.

ಜಮಖಂಡಿ ಕಡೆಯಿಂದ (ಕೇಳಿದವರು):
ಹಾವಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಗಂಬೂಟು ನಾಳೆಯೇ ತರುತ್ತೇನೆ. ಮೀಟರ್ ನೋಡಿ ದುಪ್ಪಟ್ಟು ಕೊಡುವುದಿಲ್ಲ, 384ರ ಜೊತೆ 15 ಸಿಗುತ್ತಾ ಅಂತ ವಿಚಾರಿಸುತ್ತೇನೆ. ಅಂಗಡಿಯಲ್ಲಿ ಏನು ಪರೀಕ್ಷೆ ಮಾಡಲಿ?

ಅಥಣಿ ಕಡೆಯಿಂದ:
ಎಸಿ ರೂಮಿನಲ್ಲಿ ತೋರಿಸಿದರೆ ಎಂಥ ಯಂತ್ರವೂ ಚೆನ್ನಾಗೇ ಕಾಣುತ್ತದೆ. ಕತ್ತಲಾದ ಮೇಲೆ ಹೊರಗೆ ತಂದು ನೋಡಿ. ಸರ್ರನೆ ಆಚೀಚೆ ತಿರುಗಿಸಿ. ಚಿತ್ರ ತಡವರಿಸಿದರೆ ಅದು ಸೆಕೆಂಡಿಗೆ 9 ಚಿತ್ರದ್ದು, ಬಿಟ್ಟುಬಿಡಿ. 25 ಅಥವಾ 50 ಇರಲಿ. ನಡುನಡುವೆ ಟಿಕ್ ಅಂತ ಸದ್ದಾಗಿ ಚಿತ್ರ ಒಂದು ಕ್ಷಣ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಪರದೆಯ ಬೆಳಕು ತೀರಾ ಕಮ್ಮಿ ಮಾಡಲು ಬರುತ್ತದಾ ನೋಡಿ. ಬೆಳಕು ಜಾಸ್ತಿ ಇದ್ದರೆ ನೋಡಿದ ಕಣ್ಣಿಗೆ ಆಮೇಲೆ ಸ್ವಲ್ಪ ಹೊತ್ತು ಬದುವೇ ಕಾಣುವುದಿಲ್ಲ. ನಾನು ಎಡಗಣ್ಣಲ್ಲಿ ನೋಡುತ್ತೇನೆ, ಬಲಗಣ್ಣು ಕತ್ತಲಿಗೆ ಬಿಟ್ಟಿರುತ್ತೇನೆ.

ಬ್ಯಾಟರಿ ಒಳಗೇ ಕೂತಿದ್ದರೆ ಪವರ್ ಬ್ಯಾಂಕ್ ಹಚ್ಚಿ ಓಡುತ್ತದಾ ಅಂತ ಕೇಳಿ. ಬಿಚ್ಚಿ ಹಾಕುವ 18650 ಸೆಲ್ಲಿನದ್ದಾದರೆ ಒಂದು ಜೋಡಿ ಹೆಚ್ಚಿಗೆ ಇಟ್ಟುಕೊಳ್ಳಿ. ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು ಇಲ್ಲದೆ 'ಹೊರಗಿನ ಮಾಲು, ಅಗ್ಗ' ಅಂದರೆ ಎದ್ದು ಬನ್ನಿ. ನಮ್ಮ ಪರಿಚಯದವರೊಬ್ಬರು ಹಾಗೆ ತಗೊಂಡು ಈಗ ರಿಪೇರಿಗೆ ಎಲ್ಲಿ ಕೊಡಬೇಕು ಅಂತ ತಿಳಿಯದೆ ಕೂತಿದ್ದಾರೆ. ಅಥಣಿ ಕಡೆ ಬಂದರೆ ನನ್ನದನ್ನು ಒಂದು ರಾತ್ರಿ ಒಯ್ದು ನಿಮ್ಮ ಹೊಲದಲ್ಲೇ ನೋಡಿ. ಲೆನ್ಸಿನ ಮುಚ್ಚಳ ಮಾತ್ರ ಕಳೆಯಬೇಡಿ ಮತ್ತೆ.